ಬಾಡಿಗೆಯಿಲ್ಲದ ಮನೆ

ಲೆಕ್ಕದಲ್ಲಿ ನಾನು ಜಾಣೆ ಎಂಬ ಜಂಭ ನನಗೆ ಹೈಸ್ಕೂಲಿನಿಂದಲೂ ಇತ್ತು. ಅಂಗಡಿಯವನು ಚಿಲ್ಲರೆ ಎಣಿಸುವ ಮೊದಲೇ ಎಷ್ಟು ಬರಬೇಕೆಂದು ಹೇಳಿಬಿಡುತ್ತಿದ್ದೆ. ಒಂದು ರೂಪಾಯಿ ತಪ್ಪಿದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುವ ಹುಡುಗಿ ಎಂದು ಊರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೈಸೂರಿಗೆ ಬಂದು ಒಬ್ಬಳೇ ದುಡಿದು ಒಬ್ಬಳೇ ಬದುಕುತ್ತಿದ್ದಾಗ, ದುಡ್ಡಿನ ವಿಷಯದಲ್ಲಿ ನನ್ನನ್ನು ಯಾರಾದರೂ ಬೀಳಿಸಬಹುದು ಎಂಬ ಯೋಚನೆಯೇ ನನಗಿರಲಿಲ್ಲ. ಯಾರೂ ಬೀಳಿಸಲೂ ಇಲ್ಲ. ನಾನೇ ಚೆನ್ನಾಗಿ ಲೆಕ್ಕ ಹಾಕಿಕೊಂಡು ಹೋಗಿ ಬಿದ್ದೆ.

ಮಂಡಿ ಮೊಹಲ್ಲಾದಲ್ಲಿ ಕಾಗದದ ತಟ್ಟೆ, ಲೋಟ ಸಗಟು ಮಾರುವ ಅಂಗಡಿಯೊಂದರ ಮೇಲೆ ಸಣ್ಣದೊಂದು ಲ್ಯಾಬ್ ಇದೆ. ಹಲ್ಲಿನ ಡಾಕ್ಟರುಗಳು ಅಲ್ಲಿಗೆ ರೋಗಿಗಳ ದವಡೆಯ ಅಚ್ಚು ಕಳಿಸುತ್ತಾರೆ. ನಾವು ಅದಕ್ಕೆ ಹೊಂದುವ ಹಲ್ಲನ್ನು ಮೊದಲು ಮೇಣದಲ್ಲಿ ಕೆತ್ತಿ, ಆಮೇಲೆ ಗಟ್ಟಿ ಹಲ್ಲು ಮಾಡಿ ಕಳಿಸುತ್ತೇವೆ. ಡಿಪ್ಲೊಮಾ ಮುಗಿದ ಮೇಲೆ ಅಲ್ಲಿ ಸೇರಿದ್ದೆ. ತಿಂಗಳ ಸಂಬಳವಲ್ಲ, ಹಲ್ಲಿಗೆ ಇಷ್ಟು ಎಂದು ಕೂಲಿ. ಕೈ ಚುರುಕಾಗಿದ್ದರಿಂದ ತಿಂಗಳಿಗೆ ಹದಿನೆಂಟು ಸಾವಿರ, ಒಮ್ಮೊಮ್ಮೆ ಇಪ್ಪತ್ತೂ ಬರುತ್ತಿತ್ತು. ವಾಸ ಒಂದು ಪೀಜಿಯಲ್ಲಿ, ಕೋಣೆಗೆ ನಾಲ್ವರು. ಅಲ್ಲಿನ ಸಾರಿಗೆ ಸೋಮವಾರವೂ ಒಂದೇ ರುಚಿ, ಹಬ್ಬದ ದಿನವೂ ಒಂದೇ ರುಚಿ. ಮೂರು ವರ್ಷ ಅದನ್ನೇ ಉಂಡು, ಊರಿಗೂ ಸ್ವಲ್ಪ ಕಳಿಸಿ, ಒಂದೂವರೆ ಲಕ್ಷ ರೂಪಾಯಿ ಉಳಿಸಿದ್ದೆ.

ಆಗ ನನಗೆ ಮನೆಯ ಆಸೆ ಹತ್ತಿತು. ನನ್ನದೇ ಬಾಗಿಲು, ನನ್ನದೇ ಒಲೆ, ಬೇಕೆನಿಸಿದಾಗ ಸಾರಿಗೆ ಇನ್ನಷ್ಟು ಹುಳಿ ಹಿಂಡುವ ಅಧಿಕಾರ.

ನಮ್ಮ ಕಡೆ ಮನೆ ಹಿಡಿಯಲು ಎರಡು ದಾರಿಗಳಿವೆ. ಒಂದು ಬಾಡಿಗೆ. ಇನ್ನೊಂದು ಭೋಗ್ಯ, ಈಗಿನವರು ಅದನ್ನು ಲೀಸ್ ಎನ್ನುತ್ತಾರೆ. ಭೋಗ್ಯವೆಂದರೆ ದೊಡ್ಡದೊಂದು ಮೊತ್ತವನ್ನು ಮನೆಯವರ ಕೈಗೆ ಒಟ್ಟಿಗೆ ಕೊಡುವುದು. ಆಮೇಲೆ ಎರಡೋ ಮೂರೋ ವರ್ಷ ಬಾಡಿಗೆ ಇಲ್ಲ. ಖಾಲಿ ಮಾಡುವ ದಿನ ಕೊಟ್ಟ ದುಡ್ಡು ಪೂರ್ತಿ ವಾಪಸ್ಸು. ನನ್ನಂಥ ಲೆಕ್ಕದವಳಿಗೆ ಇದಕ್ಕಿಂತ ಚಂದದ ಏರ್ಪಾಡು ಯಾವುದು? ಬಾಡಿಗೆ ಕೊಟ್ಟವರ ದುಡ್ಡು ಹೋಯಿತು, ಭೋಗ್ಯಕ್ಕೆ ಕೊಟ್ಟವರ ದುಡ್ಡು ಹಾಗೇ ಉಳಿಯಿತು. ಬಾಡಿಗೆ ಕಟ್ಟುವ ನನ್ನ ಗೆಳತಿಯರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು.

ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಮಹಡಿ ಮನೆಯೊಂದು ಭೋಗ್ಯಕ್ಕಿದೆ ಎಂದು ಲ್ಯಾಬಿನಲ್ಲಿ ಯಾರೋ ಹೇಳಿದರು. ಹೋಗಿ ನೋಡಿದೆ. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ಐವತ್ತು ದಾಟಿದ, ಗಂಡ ತೀರಿಕೊಂಡ, ಮಾತು ತೂಗಿ ಆಡುವ ಹೆಂಗಸು. ಅವರ ತಾತ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರಂತೆ. ಆ ಉಗ್ರಾಣದ ಶಿಸ್ತು ಇವರ ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಇನ್ನೂ ಕಾಣುತ್ತಿತ್ತು. ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಜಾಗ. ನಾಲ್ಕು ಲಕ್ಷ, ಎರಡು ವರ್ಷದ ಕರಾರು.

ಆಗ ಆ ಮನೆಯಲ್ಲಿದ್ದ ಹೆಂಗಸು, ಟ್ಯೂಷನ್ ಹೇಳಿಕೊಡುತ್ತಿದ್ದವರು, ನನಗೆ ಎಲ್ಲವನ್ನೂ ತೋರಿಸಿದರು. ನಲ್ಲಿ ತಿರುಗಿಸಿದರು, ಕಿಟಕಿ ತೆಗೆದರು, ಗಾಳಿ ಎಲ್ಲಿಂದ ಬರುತ್ತದೆ ಎಂದು ವಿವರಿಸಿದರು. ಹೊರಡುವಾಗ ಮೆಟ್ಟಿಲಿನ ಮೇಲೆ ನಾನು ಕೇಳಿದೆ.

“ಮನೆ ಇಷ್ಟು ಚೆನ್ನಾಗಿದ್ಯಲ್ಲ, ನೀವ್ಯಾಕೆ ಬಿಡ್ತಿದೀರಾ?”

“ನಮಗೆ ಸ್ವಲ್ಪ ದೊಡ್ಡ ಮನೆ ಬೇಕು ಕಣ್ರೀ,” ಎಂದರು.

ಸರಿ ಎಂದು ಇಳಿದು ಬಂದೆ.

ನಾಲ್ಕು ಲಕ್ಷ ಹೊಂದಿಸಿದ ರೀತಿಯನ್ನೂ ಹೇಳಿಬಿಡುತ್ತೇನೆ. ಒಂದೂವರೆ ಲಕ್ಷ ನನ್ನ ಉಳಿತಾಯ, ಕೊನೆಯ ರೂಪಾಯಿಯವರೆಗೆ. ಒಂದು ಲಕ್ಷಕ್ಕೆ ಅಮ್ಮನ ಎರಡು ಚಿನ್ನದ ಬಳೆಗಳನ್ನು ಅಡವಿಟ್ಟೆ. ಅಮ್ಮನಿಗೆ ಅವಳ ತವರಿನವರು ಹಾಕಿದ ಬಳೆ ಅವು. ಸೋಪು ನೀರು ಹಚ್ಚಿ ಕೈಯಿಂದ ಕಳಚುವಾಗ ಅಮ್ಮ, “ದುಡ್ಡು ಎಂಗೂ ವಾಪಸ್ ಬತ್ತದಲ್ಲ, ತಗಂಡೋಗು,” ಎಂದಳು. ಉಳಿದ ಒಂದೂವರೆ ಲಕ್ಷ ಬ್ಯಾಂಕಿನ ಸಾಲ. ಫೋನಿನಲ್ಲಿ ಎರಡು ಕಡೆ ಒತ್ತಿದ್ದಕ್ಕೆ ದುಡ್ಡು ಖಾತೆಗೆ ಬಂದು ಬಿತ್ತು. ತಿಂಗಳ ಐದನೆಯ ತಾರೀಖಿಗೆ ಐದು ಸಾವಿರದ ಚಿಲ್ಲರೆ ಕಂತು, ಮೂರು ವರ್ಷ. ಎಂಟು ಸಾವಿರ ಬಾಡಿಗೆ ಬರುವ ಮನೆಗೆ ನಾನು ಐದು ಸಾವಿರ ಕಟ್ಟುತ್ತೇನೆ, ಕೊನೆಗೆ ನಾಲ್ಕು ಲಕ್ಷ ನನ್ನ ಕೈಯಲ್ಲಿರುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಇವತ್ತು ಕೂಡಿ ಕಳೆದರೂ ಅದು ಸರಿಯಾಗೇ ಇದೆ.

ಆ ಮನೆಯಲ್ಲಿ ನಾನು ಸುಖವಾಗಿದ್ದೆ. ಸುಳ್ಳು ಯಾಕೆ ಹೇಳಲಿ. ಬೆಳಗ್ಗೆ ಗಲ್ಲಿಯ ಬಾಯಲ್ಲಿ ಬಾಳೆ ಎಲೆಯ ಗಾಡಿ ನಿಲ್ಲುವ ಸದ್ದಿಗೆ ಏಳುತ್ತಿದ್ದೆ. ಎರಡು ತಟ್ಟೆ, ಎರಡು ಲೋಟ, ಒಂದು ಕುಕ್ಕರ್ ನನ್ನ ಸಂಸಾರ. ಭಾನುವಾರ ಮನೆಯೊಡತಿ ಬಟ್ಟಲಲ್ಲಿ ಗೊಜ್ಜು ಹಾಕಿ ಮೆಟ್ಟಿಲ ಮೇಲಿಟ್ಟು, “ಬಟ್ಲು ಖಾಲಿ ವಾಪಸ್ ಕೊಡ್ಬೇಡ ಕಣಮ್ಮ,” ಎಂದು ಕೂಗುತ್ತಿದ್ದರು. ನಾನು ಅದರಲ್ಲಿ ನಾಲ್ಕು ಬಾಳೆಹಣ್ಣೋ ಒಂದು ಹಿಡಿ ಕಡಲೆಯೋ ಹಾಕಿ ಕೊಡುತ್ತಿದ್ದೆ. ಉಳಿತಾಯ ಅಂತ ಬೇರೆ ಏನೂ ಮಾಡುತ್ತಿರಲಿಲ್ಲ. ನಾಲ್ಕು ಲಕ್ಷ ಇದೆಯಲ್ಲ, ಇನ್ನೇನು ಉಳಿಸುವುದು ಎಂಬ ಧೈರ್ಯ. ಕಂತು ಕಟ್ಟಿ, ಊರಿಗೆ ಕಳಿಸಿ, ಉಳಿದದ್ದನ್ನು ತಿಂದು ಉಟ್ಟು ಮುಗಿಸುತ್ತಿದ್ದೆ.

ಕರಾರು ಮುಗಿಯಲು ಎರಡು ತಿಂಗಳಿದ್ದಾಗ ಬಿದ್ದೆ. ಮಂಡಿ ಮೊಹಲ್ಲಾದ ತಿರುವಿನಲ್ಲಿ ಯಾರೋ ಅಂಗಡಿ ತೊಳೆದು ನೀರನ್ನು ರಸ್ತೆಗೆ ಚೆಲ್ಲಿದ್ದರು. ಲ್ಯಾಬಿಗೆ ಹೋಗಿಬರಲು ಇಟ್ಟುಕೊಂಡಿದ್ದ ನನ್ನ ಹಳೆಯ ಸ್ಕೂಟರ್ ಜಾರಿತು. ನಾನು ಬಲಗೈ ಊರಿದೆ. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆರು ವಾರ ಪ್ಲಾಸ್ಟರು, ಆಮೇಲೆ ಎರಡು ವಾರ ವ್ಯಾಯಾಮ ಎಂದರು ಡಾಕ್ಟರು. ಹಲ್ಲಿಗೆ ಇಷ್ಟು ಎಂದು ಕೂಲಿ ಪಡೆಯುವವಳಿಗೆ ಬಲಗೈ ಇಲ್ಲದಿದ್ದರೆ ಹಲ್ಲಿಲ್ಲ, ಹಲ್ಲಿಲ್ಲದಿದ್ದರೆ ಕೂಲಿ ಇಲ್ಲ.

ಆಸ್ಪತ್ರೆಯ ಬಿಲ್ಲು ಕಟ್ಟಿ ಬಂದ ದಿನ ನನ್ನ ಖಾತೆಯಲ್ಲಿ ಮೂರು ಸಾವಿರದ ಇನ್ನೂರು ರೂಪಾಯಿ ಇತ್ತು. ಐದನೆಯ ತಾರೀಖಿಗೆ ಹನ್ನೊಂದು ದಿನ. ಅಮ್ಮನ ಬಳೆಯ ವರ್ಷದ ಬಡ್ಡಿಗೂ ಗಡುವು ಹತ್ತಿರ ಬಂದಿತ್ತು. ಕಟ್ಟದಿದ್ದರೆ ಬಳೆ ಹರಾಜಿಗೆ ಹೋಗುತ್ತದೆ ಎಂದು ಚೀಟಿಯಲ್ಲೇ ಅಚ್ಚಾಗಿತ್ತು. ನನ್ನ ಹತ್ತಿರ ನಾಲ್ಕು ಲಕ್ಷ ಇತ್ತು. ನಾನು ಕೂತಿದ್ದ ನೆಲವೇ ಆ ನಾಲ್ಕು ಲಕ್ಷ. ಅದರಿಂದ ಒಂದು ಲೀಟರ್ ಹಾಲು ಕೊಳ್ಳಲು ಆಗುತ್ತಿರಲಿಲ್ಲ. ಅಷ್ಟು ವರ್ಷ ಲೆಕ್ಕ ಮಾಡಿದವಳಿಗೆ ಇದು ಹೊಳೆದದ್ದು ಅವತ್ತು.

ಅಮ್ಮ ಬಂದು ಎರಡು ವಾರ ಇದ್ದಳು. ಒಂದು ಕೈಯವಳಿಗೆ ತಲೆ ಬಾಚಿದಳು, ಅನ್ನ ಕಲೆಸಿ ಕೊಟ್ಟಳು. ಅವಳ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, “ಇವು ಅಗುರ ಕಣವ್ವ, ಕೆಲ್ಸ ಮಾಡಕ್ಕೆ ಸಲೀಸು ಬುಡು,” ಎಂದಳು. ನನಗೆ ಅಳು ಬಂತು. ಕೈ ನೋವು ಎಂದು ಹೇಳಿದೆ.

ಅಮ್ಮ ಊರಿಗೆ ಹೋದ ಮೇಲೆ ಕೆಳಗಿಳಿದು ಮನೆಯೊಡತಿಗೆ ಹೇಳಿದೆ. ಕರಾರು ಮುಗಿದ ಮೇಲೆ ಮುಂದುವರಿಸುವುದಿಲ್ಲ, ನನ್ನ ದುಡ್ಡು ಬೇಕು, ಸಾಧ್ಯವಾದರೆ ಒಂದು ತಿಂಗಳು ಮೊದಲೇ ಕೊಡಿ ಎಂದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಅದಕ್ಕೇನಂತೆ ಕೊಡೋಣ. ಯಾರನ್ನಾದ್ರೂ ಕರ್ಕೊಂಡ್ ಬಾ. ಅವರು ಐದು ಕೊಟ್ಟ ದಿನವೇ ನಿಂಗೆ ನಾಲ್ಕು ಎಣಿಸಿ ಕೊಟ್ಬಿಡ್ತೀನಿ.”

“ಯಾರನ್ನ ಕರ್ಕೊಂಡ್ ಬರ್ಲಿ? ನಾನ್ ಕೊಟ್ಟಿದ್ ದುಡ್ಡು ನಿಮ್ಹತ್ರ ಇಲ್ವಾ?”

“ನೀನ್ ಕೊಟ್ಟಿದ್ದು ಟ್ಯೂಷನ್ ಮೇಡಮ್ಮಿಗೆ ಹೋಯ್ತಲ್ಲ. ಅವರು ಕೊಟ್ಟಿದ್ದು ಅವರಿಗೆ ಮುಂಚೆ ಇದ್ದೋರ್ಗೆ. ಹಂಗೇ ಅಲ್ವೇನಮ್ಮ ಎಲ್ರೂ ಮಾಡೋದು?”

ಆಮೇಲೆ ಅವರೇ ಎಲ್ಲ ಹೇಳಿದರು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಗಂಡನ ಆಪರೇಷನ್ನಿಗೆ ಮಹಡಿಯನ್ನು ಒಂದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರು. ಗಂಡ ಉಳಿಯಲಿಲ್ಲ, ದುಡ್ಡೂ ಉಳಿಯಲಿಲ್ಲ. ಮೊದಲಿನವರು ಹೊರಟಾಗ ಎರಡನೆಯವರಿಂದ ಎರಡು ಲಕ್ಷ ತೆಗೆದುಕೊಂಡು, ಒಂದನ್ನು ಹಳಬರಿಗೆ ಕೊಟ್ಟು, ಇನ್ನೊಂದರಲ್ಲಿ ಮಗಳನ್ನು ಓದಿಸಿದರು. ಮೂರನೆಯವರು ಟ್ಯೂಷನ್ ಹೆಂಗಸು, ಮೂರು ಲಕ್ಷ. ಹೆಚ್ಚಿನ ಒಂದು ಮಗಳ ಮದುವೆಗೆ. ನಾಲ್ಕನೆಯವಳು ನಾನು. ನನ್ನ ಹೆಚ್ಚಿನ ಒಂದು ಲಕ್ಷ ಸೋರುತ್ತಿದ್ದ ತಾರಸಿಗೆ ಮತ್ತು ಎರಡು ವರ್ಷದ ಊಟಕ್ಕೆ ಹೋಗಿತ್ತು. ಆ ಭಾನುವಾರದ ಗೊಜ್ಜಿಗೂ ಹೋಗಿರಬೇಕು.

ನಾನು ಕೋಪದಲ್ಲಿ ಮೇಲೆ ಬಂದು ಟ್ಯೂಷನ್ ಹೆಂಗಸಿಗೆ ಫೋನ್ ಮಾಡಿದೆ. “ನಿಮಗೆ ಇದೆಲ್ಲ ಗೊತ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ?” ಎಂದು ಕೂಗಾಡಿದೆ.

“ನಾನು ಏಳು ತಿಂಗಳಿಂದ ಜನ ಹುಡುಕ್ತಿದ್ದೆ ಕಣ್ರೀ,” ಎಂದರು ಆಕೆ. ಮತ್ತೆ, “ನೀವೂ ಏನ್ ಗಟ್ಟಿಯಾಗಿ ಕೇಳಿದ್ರಾ?”

ಥೂ ಎಂದು ಫೋನ್ ಇಟ್ಟೆ. ಮಾಡಿದ ಮೋಸಕ್ಕೆ ನನ್ನ ಮೇಲೇ ತಪ್ಪು ಹೊರಿಸುತ್ತಾಳಲ್ಲ ಎಂದು ಮೈ ಉರಿಯಿತು. ಆ ಉರಿ ಬಹಳ ವರ್ಷ ಹಾಗೇ ಇತ್ತು.

ಮುಂದಿನ ವಾರ ಒಬ್ಬ ಹುಡುಗಿ ಮನೆ ನೋಡಲು ಬಂದಳು. ಇಪ್ಪತ್ತೆರಡು ವರ್ಷವಿರಬಹುದು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಹೊಸದಾಗಿ ಸೇರಿದವಳು, ನಮ್ಮೂರಿನ ಕಡೆಯವಳೇ, ಬೇಸಾಯದ ಮನೆಯ ಹುಡುಗಿ. ಬಂದವಳೇ ಕಿಟಕಿಯಲ್ಲಿ ನಿಂತು ಮುಖಕ್ಕೆ ಗಾಳಿ ತೆಗೆದುಕೊಂಡಳು. ನಾನು ಅದೇ ಜಾಗದಲ್ಲಿ ಹಾಗೇ ನಿಂತಿದ್ದು ನೆನಪಾಯಿತು.

ಟೀ ಕೊಟ್ಟೆ. ಮನೆಯಲ್ಲಿ ಹಾಲಿರಲಿಲ್ಲ. ಹಾಲು ನಿಲ್ಲಿಸಿ ಹತ್ತು ದಿನವಾಗಿತ್ತು. ಬರೀ ಡಿಕಾಕ್ಷನ್ನಿಗೆ ನಿಂಬೆಹುಳಿ ಹಿಂಡಿ, “ನಾನು ಲೆಮನ್ ಟೀನೇ ಕುಡಿಯೋದು, ಆರೋಗ್ಯಕ್ಕೆ ಒಳ್ಳೇದು,” ಎಂದು ಎಡಗೈಯಲ್ಲಿ ಲೋಟ ಚಾಚಿದೆ. ಅವಳು ಕುಡಿದಳು. ನಲ್ಲಿ ತಿರುಗಿಸಿ ನೋಡಿದಳು. ಹೊರಡುವಾಗ ಮೆಟ್ಟಿಲಿನ ಮೇಲೆ ನಿಂತು ಕೇಳಿದಳು.

“ಅಕ್ಕಾ, ನೀವ್ಯಾಕೆ ಬಿಡ್ತಿದೀರಾ?”

“ನಂಗೆ ಸ್ವಲ್ಪ ದೊಡ್ಡ ಮನೆ ಬೇಕಿತ್ತು,” ಎಂದೆ.

ಯೋಚಿಸಿ ಹೇಳಲಿಲ್ಲ. ಅಭ್ಯಾಸವಿದ್ದವಳ ಹಾಗೆ ಬಾಯಿಂದ ಬಂತು. ಅವಳು ತಲೆಯಾಡಿಸಿ, ಕೆಳಗೆ ಮನೆಯೊಡತಿಯ ಜೊತೆ ಐದು ಲಕ್ಷದ ಮಾತಾಡಿ ಹೋದಳು. ನಾನು ಬಾಗಿಲು ಹಾಕಿಕೊಂಡು ಸಮಾಧಾನ ಪಟ್ಟೆ. ಹೌದು, ಸಮಾಧಾನವೇ. ಬಳೆ ಬಿಡಿಸುತ್ತೇನೆ, ಸಾಲ ತೀರಿಸುತ್ತೇನೆ, ಕೈಯಲ್ಲಿ ಒಂದಷ್ಟು ಉಳಿಸಿಕೊಳ್ಳುತ್ತೇನೆ. ಅವಳಿಗೂ ಎರಡು ವರ್ಷದ ಮೇಲೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ನನಗೆ ಸಿಗಲಿಲ್ಲವೇ? ಆ ವಾರವೆಲ್ಲ ನಾನು ಹೀಗೇ ನನಗೆ ನಾನೇ ಹೇಳಿಕೊಂಡೆ. ಒಂದು ದಿನವೂ ಬಾಯಿ ಬಿಟ್ಟು ಅವಳಿಗೆ ಹೇಳಬೇಕು ಎಂದು ಹೊರಡಲಿಲ್ಲ. ಅವಳ ನಂಬರು ನನ್ನ ಹತ್ತಿರ ಇತ್ತು.

ಎಂಟನೆಯ ದಿನ ಅವಳೇ ಮತ್ತೆ ಬಂದಳು. ಕೆಳಗೆ ನಿಲ್ಲದೆ ನೇರ ಮೇಲೆ ಬಂದು, ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

“ಅಕ್ಕಾ, ನಿಮ್ಮನ್ನ ಒಂದ್ಮಾತ್ ಕೇಳ್ಬೇಕು ಅಂತ ಬಂದ್ಬುಟ್ಟೆ. ಎರಡು ಲಕ್ಷ ಅವ್ವ ಕೊಡ್ತಾಳೆ. ಮಿಕ್ಕಿದ್ ಮೂರು ಬ್ಯಾಂಕಿನೋರು ಕೊಡ್ತೀವಿ ಅಂತಾವ್ರೆ.” ಫೋನ್ ತೆಗೆದು ನನ್ನ ಮುಂದೆ ಹಿಡಿದಳು. “ಇದೊಂದ್ ಒತ್ಬುಟ್ರೆ ಆಯ್ತಂತೆ. ನೀವು ದುಡ್ಡಿನ್ ವಿಷ್ಯ ತಿಳ್ಕೊಂಡೋರು. ಒತ್ಲಾ?”

ಪರದೆಯ ಮೇಲೆ ಹಸಿರು ಬಟನ್ ಇತ್ತು. ನನ್ನ ಫೋನಿನಲ್ಲೂ ಅದು ಅದೇ ಹಸಿರು. ಅವಳ ಹೆಬ್ಬೆರಳು ಅದರ ಮೇಲೆ ಒಂದು ಅಂಗುಲ ದೂರದಲ್ಲಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಒತ್ಬೇಡ,” ಎಂದೆ.

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಒಂದು, ಎರಡು, ಮೂರು, ನಾಲ್ಕು ಲಕ್ಷದ ಕಥೆ, ಕಂತು, ಅಮ್ಮನ ಬಳೆ, ಮೂರು ಸಾವಿರದ ಇನ್ನೂರು, ಎಲ್ಲವನ್ನೂ ಹೇಳಿದೆ. ದೊಡ್ಡ ಮನೆಯ ಮಾತನ್ನು ಮಾತ್ರ ಹೇಳಲಿಲ್ಲ. ಅದು ಅವಳಿಗೆ ಮರೆತಿರಲಿ ಎಂದುಕೊಂಡೆ. ಅವಳು ಫೋನನ್ನು ಬ್ಯಾಗಿಗೆ ಹಾಕಿ, “ಹಂಗಾದ್ರೆ ನಿಮ್ ದುಡ್ಡು?” ಎಂದಳು.

“ಗೊತ್ತಿಲ್ಲ,” ಎಂದೆ. ಆಮೇಲೆ ಅವಳ ಎದುರಿಗೇ ಅತ್ತೆ. ಕೈ ನೋವಿನ ನೆಪ ಹೇಳಲಿಲ್ಲ.

ಅವಳು ಎದ್ದು ಒಲೆ ಹಚ್ಚಿ ತಾನೇ ಡಿಕಾಕ್ಷನ್ ಇಟ್ಟಳು. “ಭೋಗ್ಯಕ್ಕೆ ನನ್ ಕೈಲಾಗಲ್ಲ ಬುಡಿ. ಆದ್ರೆ ಬಾಡಿಗೆ ಆದ್ರೆ ನಾನು, ನಮ್ ವಾರ್ಡಿನ್ ಇನ್ನೊಬ್ಳು ಸೇರ್ಕೊಂಡು ಕೊಡ್ತಿದ್ವು. ಎಂಟ್ ಸಾವಿರ ಅಂದ್ರೆ ಒಬ್ಬೊಬ್ರಿಗೆ ನಾಕು,” ಎಂದಳು.

ನನ್ನೊಳಗಿನ ಲೆಕ್ಕದವಳು ಅಳುವುದನ್ನು ನಿಲ್ಲಿಸಿದಳು. ಲ್ಯಾಬಿನ ಹಳೆಯ ಚೀಟಿಯ ಹಿಂದೆ ಎಡಗೈಯಲ್ಲಿ ಸೊಟ್ಟಗೆ ಬರೆದೆ. ತಿಂಗಳಿಗೆ ಎಂಟು ಸಾವಿರ, ಐವತ್ತು ತಿಂಗಳು, ನಾಲ್ಕು ಲಕ್ಷ. ಬಾಡಿಗೆಯನ್ನು ಅವಳು ಮನೆಯೊಡತಿಗೆ ಕೊಡುವ ಬದಲು ನೇರ ನನಗೆ ಕೊಡಬೇಕು. ಐವತ್ತು ತಿಂಗಳಾದ ಮೇಲೆ ನನ್ನ ದುಡ್ಡು ತೀರುತ್ತದೆ, ಭೋಗ್ಯವೂ ತೀರುತ್ತದೆ. ಹೊಸಬರ ತಲೆಗೆ ಯಾರೂ ಏನೂ ಕಟ್ಟಬೇಕಿಲ್ಲ.

ಮನೆಯೊಡತಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. “ಬೀದೀಲಿ ನನ್ ಮಾನ ಕಳೆದ್ಯಲ್ಲಮ್ಮ. ನಾನು ಯಾರ್ ದುಡ್ಡಾದ್ರೂ ತಿಂದಿದೀನಾ? ಹದಿನೆಂಟು ವರ್ಷದಲ್ಲಿ ಒಬ್ರಿಗಾದ್ರೂ ಒಂದ್ರೂಪಾಯಿ ಕಮ್ಮಿ ಕೊಟ್ಟಿದೀನಾ?”

ಕೊಟ್ಟಿರಲಿಲ್ಲ. ಅದು ನಿಜ. “ಇಲ್ಲ,” ಎಂದೆ. “ಕೊನೇಲಿ ಬರೋರಿಗೆ ಏನ್ ಕೊಡ್ತೀರಿ? ಹತ್ತು ಲಕ್ಷ ಕೊಡೋರು ಈ ಮಹಡಿಗೆ ಯಾರಿದಾರೆ?”

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಭಾನುವಾರ ಗೊಜ್ಜು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಸ್ಕೂಟರನ್ನು ರಿಪೇರಿ ಮಾಡಿಸದೆ ಹಾಗೇ ಮಾರಿ, ಬಾಕಿ ಬಿದ್ದಿದ್ದ ಕಂತನ್ನೂ ಬಳೆಯ ಬಡ್ಡಿಯನ್ನೂ ಕಟ್ಟಿದೆ. ಪ್ಲಾಸ್ಟರು ತೆಗೆಸಿಕೊಂಡು ಬಂದ ದಿನ ಮನೆಯೊಡತಿ ಮಹಡಿ ಹತ್ತಿ ಬಂದರು. ಎರಡು ವರ್ಷದಲ್ಲಿ ಅವರು ಮೇಲೆ ಬಂದದ್ದು ಅದೇ ಮೊದಲು. ಗೋಡೆಗಳನ್ನು ಒಂದೊಂದಾಗಿ ನೋಡಿದರು.

“ಐವತ್ತು ತಿಂಗ್ಳು ನಾನ್ ಏನ್ ತಿನ್ಲಿ?” ಎಂದರು. ಅದರಲ್ಲಿ ಕೋಪ ಇರಲಿಲ್ಲ, ನಿಜವಾಗಿ ಕೇಳಿದ್ದರು.

ಅದಕ್ಕೆ ಉತ್ತರ ನನ್ನ ಚೀಟಿಯಲ್ಲಿ ಇರಲಿಲ್ಲ. ಆದರೂ ಅವರು ಒಪ್ಪಿದರು, ಉತ್ತರವನ್ನೂ ಅವರೇ ಕಂಡುಕೊಂಡರು. ಅವರ ಗೊಜ್ಜು, ಪುಳಿಯೋಗರೆ ಪುಡಿ, ಸಂಡಿಗೆಯನ್ನು ನರ್ಸ್ ಹುಡುಗಿ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಮಾರಿಸಿದಳು. ಮೊದಮೊದಲು ತಿಂಗಳಿಗೆ ಎರಡು ಸಾವಿರ, ಆಮೇಲೆ ಐದಾರು ಸಾವಿರ. ಉಗ್ರಾಣದವರ ಮೊಮ್ಮಗಳು ಮಾರಾಟಕ್ಕೆ ಇಳಿಯಬೇಕಾಯಿತಲ್ಲ ಎಂದು ಒಂದು ವರ್ಷ ಗೊಣಗಿದರು. ಎರಡನೆಯ ವರ್ಷ ಡಬ್ಬಿಯ ಮೇಲೆ ಚೀಟಿ ಅಂಟಿಸಲು ಯಾವ ಬಣ್ಣ ಚೆನ್ನ ಎಂದು ನನ್ನನ್ನು ಕೇಳಿದರು.

ನಾನು ಉದಯಗಿರಿಯಲ್ಲಿ, ಬೈಕ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಗೆ ಹೋದೆ. ಬಾಡಿಗೆ ಮೂರೂವರೆ ಸಾವಿರ. ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಎಂಜಿನ್ನುಗಳ ಕೆಮ್ಮು. ಲ್ಯಾಬಿಗೆ ನಡೆದೇ ಹೋಗುತ್ತಿದ್ದೆ. ಮೊದಲ ತಿಂಗಳ ಬಾಡಿಗೆ ಕೊಡುವಾಗ ಕೈ ಹಿಂದೇಟು ಹಾಕಿತು. ಇಷ್ಟು ದಿನ ಗೆಳತಿಯರನ್ನು ನೋಡಿ ನಕ್ಕವಳಲ್ಲವೇ. ಈಗ ತಿಳಿದಿದೆ. ಮೂರೂವರೆ ಸಾವಿರಕ್ಕೆ ನಾನು ಕೊಂಡದ್ದು ಬರೀ ಕೋಣೆಯನ್ನಲ್ಲ. ಬೇಡವೆನಿಸಿದ ದಿನ ಎದ್ದು ಹೋಗುವ ಹಕ್ಕನ್ನೂ ಕೊಂಡಿದ್ದೆ.

ಪ್ರತಿ ತಿಂಗಳು ಐದನೆಯ ತಾರೀಖಿನ ಒಳಗೆ ಆ ಹುಡುಗಿಯಿಂದ ಎಂಟು ಸಾವಿರ ಬರುತ್ತಿತ್ತು. ಅದರಿಂದ ಮೊದಲು ಬ್ಯಾಂಕಿನ ಸಾಲ ಮುಗಿಸಿದೆ, ಆಮೇಲೆ ಬಳೆ ಬಿಡಿಸಿದೆ. ಬಳೆ ಕೊಟ್ಟಾಗ ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ತೊಟ್ಟುಕೊಂಡಳು, ಗಾಜಿನ ಬಳೆಗಳನ್ನೂ ತೆಗೆಯಲಿಲ್ಲ. ಮೂರನೆಯ ಕೆಲಸವಾಗಿ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದು, ಎರಡು ಕೈಯೂ ಮುರಿದುಕೊಂಡು ಆರು ತಿಂಗಳು ಕೂತರೂ ಊಟಕ್ಕೆ, ಬಾಡಿಗೆಗೆ ಆಗುವಷ್ಟನ್ನು ಅದರಲ್ಲಿಟ್ಟೆ. ಆ ಖಾತೆಯ ಆ್ಯಪನ್ನು ಫೋನಿಗೆ ಹಾಕಿಕೊಂಡಿಲ್ಲ. ದುಡ್ಡು ಬೇಕಾದರೆ ಬ್ಯಾಂಕಿಗೆ ನಡೆದು ಹೋಗಿ, ಸಾಲಿನಲ್ಲಿ ನಿಂತು, ಪೆನ್ನು ಕಟ್ಟಿದ ದಾರದ ಜೊತೆ ಗುದ್ದಾಡಿ ಬರೆದು ತೆಗೆಯಬೇಕು. ಅಷ್ಟು ದೂರ ಹೋಗುವಷ್ಟರಲ್ಲಿ ನನಗೆ ಬಹಳ ವಸ್ತುಗಳು ಬೇಡವಾಗುತ್ತವೆ. ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗಿಯರಿಗೆ ಇದನ್ನೆಲ್ಲ ಹೇಳುತ್ತಿರುತ್ತೇನೆ. ಶುರುವಾಯಿತು ಅಕ್ಕನ ಪಾಠ ಎಂದು ಅವರು ಕಣ್ಣಲ್ಲೇ ನಗುತ್ತಾರೆ. ನಗಲಿ.

ಐವತ್ತನೆಯ ತಿಂಗಳು ಹೋದ ಮಳೆಗಾಲದಲ್ಲಿ ಬಂತು. ಕರಾರಿನ ಛಾಪಾ ಕಾಗದವನ್ನು ಹಿಂದಿರುಗಿಸಲು ದೇವರಾಜ ಮೊಹಲ್ಲಾಗೆ ಹೋದೆ. ಮನೆಯೊಡತಿ ಕಾಗದವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ನಾಲ್ಕಾಗಿ ಮಡಿಸಿದರು, ಒಂದು ಡಬ್ಬಿಯ ಕೆಳಗಿಟ್ಟರು.

“ಇಪ್ಪತ್ತೆರಡು ವರ್ಷ ಆಯ್ತು ಕಣಮ್ಮ,” ಎಂದರು. “ಈ ಮಹಡೀದು ಅಂತ ಒಂದ್ರೂಪಾಯಿ ಬಾಡಿಗೆ ನನ್ ಕೈ ಮುಟ್ಟಿಲ್ಲ. ಬರೋ ತಿಂಗ್ಳಿಂದ ಮನೆ ನಂದು ಅನ್ಬೋದು.”

ಅವರು ಕಣ್ಣೊರೆಸಿಕೊಂಡರು. ಗೊಜ್ಜು ತುಂಬಿದ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು, ದುಡ್ಡು ಕೊಡಲು ಹೋದರೆ ಬೈದರು.

ನರ್ಸ್ ಹುಡುಗಿ ನನ್ನನ್ನು ಬೀಳ್ಕೊಡಲು ಮಹಡಿಯಿಂದ ಇಳಿದು ಬಂದಳು. ಮೆಟ್ಟಿಲಿನ ಮೇಲೆ ಇಬ್ಬರೂ ನಿಂತೆವು. ಈ ಹುಡುಗಿಯನ್ನು ನಾನು ಆ ಹಸಿರು ಬಟನ್ನಿನಿಂದ ಉಳಿಸಿದೆ ಎಂಬ ಒಂದು ಹೆಮ್ಮೆ ನನಗೆ ಇಷ್ಟು ವರ್ಷವೂ ಇತ್ತು. ಆ ಹೆಮ್ಮೆಯ ಕೆಳಗೆ ಒಂದು ಮುಳ್ಳೂ ಇತ್ತು. ಅವತ್ತು ಅದನ್ನು ತೆಗೆದುಬಿಡೋಣ ಎನಿಸಿತು.

“ನಿಂಗೊಂದ್ ಸುಳ್ಳು ಹೇಳಿದ್ದೆ. ಮೊದಲ್ನೇ ದಿನ. ದೊಡ್ಡ ಮನೆ ಬೇಕು ಅಂತ ಬಿಡ್ತಿದೀನಿ ಅಂದಿದ್ದೆ,” ಎಂದೆ.

“ಗೊತ್ತು ಬುಡಿ ಅಕ್ಕಾ.”

“ಎಂಗ್ ಗೊತ್ತು?”

“ಎರಡೇ ತಟ್ಟೆ ಇದ್ವು. ಕೈಗೆ ಪ್ಲಾಸ್ಟರು. ಹಾಲಿನ್ ಪಾತ್ರೆ ಒಣಗೋಗಿತ್ತು, ನಿಂಬೆಹಣ್ಣು ಹಿಂಡ್ಬುಟ್ಟು ಆರೋಗ್ಯ ಅಂದ್ರಿ. ಅಂಥೋರ್ಗೆ ದೊಡ್ಡ ಮನೆ ಯಾಕೆ?” ಎಂದು ನಕ್ಕಳು. “ಏನೋ ಐತೆ ಅಂತ ಅವತ್ತೇ ಅನ್ನಿಸ್ತು. ಅದಕ್ಕೇ ಇನ್ನೊಂದ್ಸಲ ಬಂದೆ.”

“ಮತ್ತೆ ಆ ಸಾಲ? ಒತ್ಲಾ ಅಂತ ತೋರಿಸ್ದೆಯಲ್ಲ?”

“ನಾನೆಲ್ಲಿ ಸಾಲ ಕೇಳಿದ್ದೆ? ಸಾಲ ಬೇಕಾ ಅಂತ ಬ್ಯಾಂಕಿನೋರು ಎಲ್ರಿಗೂ ಕಳಿಸ್ತಾರಲ್ಲ, ಅದು. ಅದನ್ ತೋರಿಸಿ ಕೇಳಿದ್ರೆ ನೀವು ಏನಂತೀರಾ ಅಂತ ನೋಡ್ದೆ. ಒತ್ತು ಅಂದಿದ್ರೆ ಎದ್ದೋಗ್ತಿದ್ದೆ.”

ಅವಳಿಗೆ ಡ್ಯೂಟಿಗೆ ಹೊತ್ತಾಗಿತ್ತು. ಮತ್ತೆ ಬನ್ನಿ ಎಂದು ಮೇಲೆ ಹೋದಳು. ನಾನು ಗೊಜ್ಜಿನ ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಗಟ್ಟಿಯಾಗಿ ಕೇಳಿದ್ರಾ ಎಂದಿದ್ದ ಟ್ಯೂಷನ್ ಹೆಂಗಸಿನ ಮಾತು ನೆನಪಿಗೆ ಬಂತು, ಮೊದಲ ಸಲ ಮೈ ಉರಿಯಲಿಲ್ಲ. ಏಳು ತಿಂಗಳು ಜನ ಹುಡುಕಿ ಸೋತಿದ್ದ ಆಕೆಗೂ ಹೇಳಿಬಿಡಬೇಕೆನಿಸಿತ್ತೋ ಏನೋ. ಇದೇ ಮೆಟ್ಟಿಲಿನ ಮೇಲೆ ನಾನು ಆಕೆಯನ್ನು ಒಂದೇ ಒಂದು ಸಲ ಕೇಳಿದ್ದೆ.